ಜೋಡಿ ಎಣಿಕೆ

ಭಾಲ್ಕಿಯ ಪದವಿ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯರು ಇಬ್ಬರಿದ್ದರು. ಬೀದರಿನ ತಸ್ಲೀಮ, ಔರಾದಿನ ಮಹಾಮಾಯಾ. ತಸ್ಲೀಮ ಐದಾರು ವರ್ಷ ದೊಡ್ಡವಳು, ಮದುವೆಯಾದವಳು. ಹಲಗೆ ತುಂಬ ಲೆಕ್ಕ ಬರೆದು, ಹಿಂದಿನ ಬೆಂಚಿನವರೂ ತಲೆಯಾಡಿಸುವ ಹಾಗೆ ಪಾಠ ಮಾಡುವವಳು. ಮಹಾಮಾಯಾಳಿಗೆ ಎಂ.ಎಸ್ಸಿ. ಮುಗಿದು ಒಂದೇ ವರ್ಷ. ಅವಳಿಗೆ ಲೆಕ್ಕಕ್ಕಿಂತ ಕೈಗೆಲಸ ಸಲೀಸು. ಪ್ರಯೋಗಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸ್ಪೆಕ್ಟ್ರೋಮೀಟರನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಸೋಡಿಯಂ ದೀಪದ ಹಳದಿ ಗೆರೆ ಎರಡಾಗಿ ಒಡೆದು ಕಾಣುವಂತೆ ಮಾಡಿದ್ದಳು. ಅದನ್ನು ನೋಡಲು ಬಂದ ತಸ್ಲೀಮ ಮರುದಿನದಿಂದ ಊಟದ ಡಬ್ಬಿಯನ್ನು ಅವಳ ಪಕ್ಕದಲ್ಲೇ ಬಿಚ್ಚತೊಡಗಿದಳು. ಮಹಾಮಾಯಾ ಅವಳನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎಂದು ಕರೆಯುತ್ತಿದ್ದಳು.

ಫೆಬ್ರವರಿಯಲ್ಲಿ ಇಬ್ಬರ ಫೋನಿಗೂ ಒಂದೇ ಸುತ್ತೋಲೆ ಬಂತು. ಕ್ವಾಂಟಮ್ ತಂತ್ರಜ್ಞಾನದಲ್ಲಿ ಮೂರು ವಾರಗಳ ತರಬೇತಿ ಶಿಬಿರ. ಉಪಕರಣ ಮುಟ್ಟಿ ಕಲಿಯುವ ಶಿಬಿರ, ಬರೀ ಭಾಷಣವಲ್ಲ. ಹನ್ನೆರಡು ಮಂದಿಗೆ ಮಾತ್ರ ಅವಕಾಶ. ಸ್ಥಳ: ಬೀದರ.

“ಬೀದರ ಅಂತೇ ಬರದಾರೇನು? ಮತ್ತೊಮ್ಮೆ ಓದು,” ಎಂದಳು ತಸ್ಲೀಮ.

ಬೀದರ ಎಂದೇ ಇತ್ತು. ಶಿಬಿರ ನಡೆಸುವವರು ಡಾಕ್ಟರ್ ಕ್ರಿಸ್ಟಿನಾ. ಬೀದರಿನದೇ ಮಂಗಲಪೇಟೆಯ ಮಿಷನ್ ಕಂಪೌಂಡಿನಲ್ಲಿ ಹುಟ್ಟಿ ಬೆಳೆದು, ಹದಿನೈದು ವರ್ಷಗಳಿಂದ ಬೆಂಗಳೂರಿನ ಸಂಶೋಧನಾಲಯವೊಂದರಲ್ಲಿ ಬೆಳಕಿನ ಕಣಗಳ ಮೇಲೆ ಕೆಲಸ ಮಾಡುತ್ತಿದ್ದವರು. ಇಂಥ ಶಿಬಿರಗಳು ದೊಡ್ಡ ಊರುಗಳಲ್ಲೇ ಏಕೆ ಆಗಬೇಕೆಂದು ಅವರು ಎರಡು ವರ್ಷ ಪತ್ರ ಬರೆದು ಬರೆದು ಒಪ್ಪಿಗೆ ಪಡೆದಿದ್ದರೆಂಬುದು ಇವರಿಗೆ ಆಮೇಲೆ ತಿಳಿಯಿತು.

ಇಬ್ಬರೂ ಅರ್ಜಿ ಹಾಕಿದರು. ಸಂದರ್ಶನ ಫೋನಿನ ವಿಡಿಯೋದಲ್ಲೇ ನಡೆಯಿತು. ತಸ್ಲೀಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮಹಾಮಾಯಾಳ ನಾಲಿಗೆ ಮೊದಲ ಲೆಕ್ಕಕ್ಕೇ ಒಣಗಿತು. ಕೊನೆಗೆ, ಈ ಶಿಬಿರಕ್ಕೆ ಏಕೆ ಬರಬೇಕೆಂದಿದ್ದೀರಿ ಎಂದು ಕೇಳಿದಾಗ, “ಪುಸ್ತಕದಾಗ ಓದೀನಿರಿ. ಒಮ್ಮೆ ಕೈಲೆ ಮುಟ್ಟಿ ಮಾಡಿ ನೋಡಬೇಕಂತ ಆಸೆ ಅದರಿ,” ಎಂದಷ್ಟೇ ಹೇಳಿದಳು. ತಸ್ಲೀಮ ಆಯ್ಕೆಯಾದಳು. ಮಹಾಮಾಯಾ ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು.

ತಸ್ಲೀಮ ಆಗ ಬಸುರಿ. ಶಿಬಿರದ ಹೊತ್ತಿಗೆ ಏಳು ತಿಂಗಳು ತುಂಬುತ್ತದೆ, ಆರಾಮಾಗಿ ಹೋಗಿ ಬರಬಹುದು ಎಂದುಕೊಂಡಿದ್ದಳು. ಆದರೆ ಏಪ್ರಿಲ್ ಕೊನೆಗೆ ಕಾಲು ಬಾತು, ರಕ್ತದೊತ್ತಡ ಏರಿತು. ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಕಡ್ಡಾಯ ಮಾಡಿದರು. ಅವಳು ಬೀದರಿನ ಚೌಬಾರಾ ಹತ್ತಿರದ ತವರುಮನೆಗೆ ಬಂದಳು. ಅಲ್ಲಿಂದಲೇ ಶಿಬಿರಕ್ಕೆ ಬರಲಾಗುವುದಿಲ್ಲವೆಂದು ಬರೆದಳು. ಎರಡನೆಯ ದಿನ ಮಹಾಮಾಯಾಳಿಗೆ ಕರೆ ಬಂತು.

ಮಹಾಮಾಯಾ ಖುಷಿಪಡಲಿಲ್ಲ. ಔರಾದಿನಿಂದ ಬಸ್ಸು ಹಿಡಿದು ಸೀದಾ ತಸ್ಲೀಮಳ ಮನೆಗೆ ಬಂದಳು.

“ಆಪಾ, ನಿಮ್ಮ ಜಾಗಾ ನಾ ಹ್ಯಾಂಗ ತಗೋಲಿರಿ?”

“ಆ ಜಾಗಾದ ಮ್ಯಾಲ ನನ್ನ ಹೆಸರು ಕೆತ್ತ್ಯಾರೇನು? ನಾ ಬರಂಗಿಲ್ಲ ಅಂದ್ರ ಮುಂದಿನಾಕಿ ಹೋಗಬೇಕು. ಮುಂದಿನಾಕಿ ನೀ ಇದ್ದಿ.” ತಸ್ಲೀಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅತ್ತಿದ್ದಳೆಂಬುದು ಗೊತ್ತಾಗುತ್ತಿತ್ತು. ಆಮೇಲೆ ಈ ಕಡೆ ತಿರುಗಿ, “ಒಂದು ಶರತ್ತು ಅದ,” ಎಂದಳು. “ದಿನಾ ಔರಾದಿಂದ ಓಡ್ಯಾಡಬ್ಯಾಡ. ನಮ್ಮ ಮನ್ಯಾಗೇ ಇರು. ಅಲ್ಲಿ ಏನೇನು ಕಲೀತಿ, ಸಂಜಿಗಿ ಬಂದು ನನಗ ಕಲಿಸು. ನಾ ಹ್ಯಾಂಗೂ ಮಲಕೊಂಡೇ ಇರ್ತೇನಿ, ಕ್ಲಾಸ್ ತಪ್ಪಿಸಿ ಎಲ್ಲಿ ಹೋಗ್ಲಿ?”

ಬಾಗಿಲಲ್ಲಿ ನಿಂತಿದ್ದ ತಸ್ಲೀಮಳ ತಾಯಿ ಕುಬರಾ, ಮಾತು ಪೂರ್ತಿ ಕೇಳಿಸಿಕೊಳ್ಳದೆಯೇ, “ಇರ್ಲಿ ಇರ್ಲಿ. ಮ್ಯಾಲಿನ ಖೋಲಿ ಖಾಲೀನೇ ಅದ ಬೇಟಾ,” ಎಂದರು.

ಹೀಗೆ ಮೇ ತಿಂಗಳ ಮೊದಲ ಸೋಮವಾರ ಮಹಾಮಾಯಾ ಶಿಬಿರಕ್ಕೆ ಕಾಲಿಟ್ಟಳು. ಬೀದರಿನ ಕಾಲೇಜೊಂದು ಎರಡು ಕೋಣೆ ಬಿಟ್ಟುಕೊಟ್ಟಿತ್ತು. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ನಡುವೆ ಒಂದು ಭಾರೀ ಕಬ್ಬಿಣದ ಮೇಜು. ಮೇಜಿನ ಒಂದು ತುದಿಯಲ್ಲಿ ನೇರಳೆ ಬಣ್ಣದ ಸಣ್ಣ ಲೇಸರ್, ಮುಂದೆ ಉಗುರಿನಷ್ಟು ಹರಳು, ಆ ಹರಳಿನಿಂದ ಎರಡು ದಾರಿ, ಎರಡೂ ದಾರಿಯ ಕೊನೆಗೆ ಒಂದೊಂದು ಶೋಧಕ.

ಕ್ರಿಸ್ಟಿನಾ ಮೇಡಂ ನರೆತ ಕೂದಲನ್ನು ಗಂಟು ಕಟ್ಟಿಕೊಂಡು, ಹತ್ತಿಯ ಸೀರೆಯ ಸೆರಗು ಸಿಕ್ಕಿಸಿ ನಿಂತಿದ್ದರು. ಇಂಗ್ಲಿಷಿನಲ್ಲಿ ಶುರು ಮಾಡಿ ಐದು ನಿಮಿಷಕ್ಕೆ ಬೀದರಿನ ಮಾತಿಗೆ ಇಳಿದರು. “ನೋಡ್ರಿ, ಈ ಹರಳಿನ್ಯಾಗ ಹೋಗೋ ಕೋಟಿ ಕೋಟಿ ಬೆಳಕಿನ ಕಣದಾಗ ಎಲ್ಲೋ ಒಂದು ಒಡದು ಎರಡಾಗ್ತದ. ಅವೆರಡೂ ಜೋಡಿ. ಒಂದು ಈ ಕಡಿ, ಒಂದು ಆ ಕಡಿ. ಎರಡೂ ಶೋಧಕ ಒಂದೇ ಕ್ಷಣಕ್ಕ ಟಿಕ್ ಅಂದ್ರ ಜೋಡಿ ಸಿಕ್ತು ಅಂತ ಲೆಕ್ಕ. ಮೂರು ವಾರದಾಗ ನಾವು ಈ ಜೋಡಿ ಎಣಿಸಿ, ಅವುಗಳ ನಡುವಿನ ನಂಟು ಎಂಥಾದ್ದು ಅಂತ ಅಳೀಬೇಕು.”

ಕೊನೆಗೆ ಬರುವ ಸಂಖ್ಯೆ ಎರಡನ್ನು ದಾಟಿದರೆ ಆ ನಂಟು ಲೋಕದ ಮಾಮೂಲಿ ನಂಟಲ್ಲ ಎಂದು ಅರ್ಥ. ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಮಹಾಮಾಯಾ, ಅದನ್ನು ತಾನೇ ಅಳೆಯಬಹುದೆಂದು ಯಾವತ್ತೂ ಎಣಿಸಿರಲಿಲ್ಲ.

ಮೇಡಂ ಇನ್ನೊಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. “ಈ ಕೆಲಸಕ್ಕ ಬರೇ ದೊಡ್ಡ ತಲಿ ಇದ್ದವರೇ ಬೇಕು ಅಂತ ತಿಳಕೊಂಡೀರಿ. ಸುಳ್ಳು. ಲೇಸರ್ ಜೋಡಿಸವ್ರು ಬೇಕು, ಪಂಪು ನೋಡವ್ರು ಬೇಕು, ಸರ್ಕೀಟು ಕಟ್ಟವ್ರು ಬೇಕು. ಇವತ್ತಿನ ದಿನಕ್ಕ ನಮಗ ಕೈ ಪಳಗಿದ ಮಂದೀದೇ ಕೊರತಿ.” ಮಹಾಮಾಯಾ ತನ್ನ ಕೈ ನೋಡಿಕೊಂಡಳು. ಮೊದಲ ವಾರ ಮುಗಿಯುವುದರೊಳಗೆ ಕೂದಲೆಳೆಯಷ್ಟು ತಿರುಪು ತಿರುಗಿಸಿ ಬೆಳಕನ್ನು ದಾರಿಗೆ ತರುವ ಕೆಲಸ ಅವಳಿಗೇ ಮೀಸಲಾಯಿತು.

ಸಂಜೆ ಆರಕ್ಕೆ ತಸ್ಲೀಮಳ ಹಾಸಿಗೆಯ ಪಕ್ಕದಲ್ಲಿ ಎರಡನೆಯ ಶಿಬಿರ. ಮಹಾಮಾಯಾ ಆ ದಿನದ್ದೆಲ್ಲ ಹೇಳುವಳು. ತಸ್ಲೀಮ ಎಡಮಗ್ಗುಲಲ್ಲಿ ಮಲಗಿ, ದಿಂಬಿನ ಮೇಲೆ ನೋಟ್‌ಬುಕ್ ಆನಿಸಿಕೊಂಡು, ಬಿಡದೆ ಪ್ರಶ್ನೆ ಕೇಳುವಳು. ಶೋಧಕ ಎಷ್ಟು ದೂರ? ಕತ್ತಲೆಯಲ್ಲೂ ಅದು ಟಿಕ್ ಅನ್ನುತ್ತದೆಯೇ? ಅನ್ನುತ್ತಿದ್ದರೆ ಎಷ್ಟು ಸಲ? ಎಷ್ಟೋ ಸಲ ಉತ್ತರ ಗೊತ್ತಿಲ್ಲದೆ ಮಹಾಮಾಯಾ ಮರುದಿನ ಮೇಡಂ ಹತ್ತಿರ ಕೇಳಿಕೊಂಡು ಬರುತ್ತಿದ್ದಳು. ಇಬ್ಬರಿಗೂ ಒಮ್ಮೊಮ್ಮೆ ಊಟದ ನೆನಪೇ ಆಗುತ್ತಿರಲಿಲ್ಲ. ಕುಬರಾ ಖಾಲಾ ಖಿಚಡಿ, ಹುಣಸೆಹುಳಿಯ ಖಟ್ಟಾ ತಂದು ನಡುವೆ ಇಟ್ಟು, “ನಿಮ್ಮ ಕಣಾ ಎಲ್ಲೂ ಹೋಗಂಗಿಲ್ಲ. ಮೊದಲ ಬಿಸಿ ಬಿಸಿ ತಿನ್ರಿ,” ಎಂದು ಗದರುವರು.

ಎರಡನೆಯ ವಾರದ ಗುರುವಾರ ತಸ್ಲೀಮ ಹೊಸದೊಂದು ಬೇಡಿಕೆ ಇಟ್ಟಳು. “ಆ ಹರಳು ಕೂಡಿಸಿದ ಹಿಡಿಕಿ ಹ್ಯಾಂಗದ ಅಂತ ನನ್ನ ಕಣ್ಣಿಗಿ ಬರವಲ್ದು. ಒಂದು ಚಿತ್ರ ಬರಕೊಂಡು ಬಾ.”

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಹಾಮಾಯಾ ಒಬ್ಬಳೇ ಒಳಗೆ ಉಳಿದಳು. ಮೇಜಿನ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿತ್ತು. ಬಟ್ಟೆ ಎತ್ತುವ ಮೊದಲು ಶೋಧಕಗಳ ವಿದ್ಯುತ್ ಆರಿಸಬೇಕು; ಅವು ಒಂದೊಂದೇ ಕಣ ನೋಡುವಂಥವು, ಕೋಣೆಯ ಬೆಳಕು ಬಿದ್ದರೆ ಕುರುಡಾಗುತ್ತವೆ. ಮೊದಲ ದಿನವೇ ಹೇಳಿಕೊಟ್ಟ ನಿಯಮ ಅದು. ಕೈಯಲ್ಲಿ ಪೆನ್ಸಿಲು, ಮನಸ್ಸಿನಲ್ಲಿ ಚಿತ್ರ. ಅವಳು ಸ್ವಿಚ್ಚು ಮರೆತು ಟ್ಯೂಬ್‌ಲೈಟ್ ಹಾಕಿ ಬಟ್ಟೆ ಎತ್ತಿದಳು.

ಕಂಪ್ಯೂಟರಿನ ಪರದೆಯ ಮೇಲಿನ ಅಂಕಿಗಳು ನೆಗೆದು ನಿಂತುಬಿಟ್ಟವು. ಅವಳು ಬಟ್ಟೆ ಬಿಟ್ಟಳು, ದೀಪ ಆರಿಸಿದಳು. ಒಂದು ಶೋಧಕದ ಅಂಕಿ ಮೆಲ್ಲಗೆ ಕೆಳಗಿಳಿಯಿತು. ಇನ್ನೊಂದರದು ಇಳಿಯಲಿಲ್ಲ. ಕತ್ತಲೆಯಲ್ಲಿ ಸೆಕೆಂಡಿಗೆ ಇನ್ನೂರು ಸಲ ಟಿಕ್ ಅನ್ನುತ್ತಿದ್ದದ್ದು ಈಗ ನಲವತ್ತು ಸಾವಿರದ ಹತ್ತಿರ ನಿಂತಿತ್ತು.

ಊಟ ಮುಗಿಸಿ ಬಂದವರು ಅದನ್ನು ಕಂಡರು. ಅಂದು ಬೆಳಿಗ್ಗೆ ಎರಡು ಸಲ ಕರೆಂಟು ಹೋಗಿ ಬಂದಿತ್ತು. ವೋಲ್ಟೇಜಿನದೇ ಕೆಲಸವೆಂದು ಯಾರೋ ಅಂದರು. ಕಾಲೇಜಿನ ಲ್ಯಾಬ್ ಅಟೆಂಡರ್ ಮಾಣಿಕ ಓಡಿ ಬಂದ. ಐವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ. ಸ್ಟೆಬಿಲೈಜರ್ ನೋಡಿಕೊಳ್ಳುವ ಕೆಲಸ ಅವನದು.

“ಮುಂಜಾನಿ ಚೆಕ್ ಮಾಡೀನಿರಿ ಮೇಡಂ. ಸರಿ ಇತ್ತರಿ. ಹ್ಯಾಂಗಾತೋ ಗೊತ್ತಾಗ್ಲಿಲ್ಲರಿ. ತಪ್ಪಾತರಿ,” ಎಂದು ಅವನು ಒಬ್ಬೊಬ್ಬರ ಮುಖ ನೋಡುತ್ತ ಹೇಳಿದ.

ಮಹಾಮಾಯಾ ಬಾಯಿ ತೆರೆಯಲಿಲ್ಲ. ತೆರೆಯಬೇಕೆಂದುಕೊಂಡಳು, ಆಗಲಿಲ್ಲ. ಮೇಡಂ ಶೋಧಕದ ಮುಂದೆ ಬಹಳ ಹೊತ್ತು ಕುಳಿತಿದ್ದರು. ಅದು ಬೇರೆ ತಂಡದಿಂದ ಕೇಳಿ ತಂದದ್ದು, ಬದಲಿಗೆ ಮತ್ತೊಂದಿಲ್ಲ ಎಂದು ಆಮೇಲೆ ಹೇಳಿದರು. ಎರಡು ಶೋಧಕವಿಲ್ಲದೆ ಜೋಡಿ ಎಣಿಸುವುದು ಹೇಗೆ? ಶಿಬಿರ ಅಂದು ಬೇಗ ಮುಗಿಯಿತು.

ಅವಳು ಮನೆಗೆ ಹೋಗದೆ ಮಹಮೂದ್ ಗವಾನ್ ಮದರಸಾದ ಹುಲ್ಲಿನ ಮೇಲೆ ಕುಳಿತು ಔರಾದಿಗೆ ಫೋನ್ ಮಾಡಿದಳು. ಅವಳ ತಂದೆ ಪಂಢರಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮೇ ತಿಂಗಳ ಗಾಳಿಮಳೆಗೆ ಸಂತಪುರದ ಕಡೆ ಕಂಬ ಬಿದ್ದು, ಆತ ಅಂದು ಇಡೀ ದಿನ ಹೊಲದಲ್ಲೇ ಇದ್ದ. ಅವಳು ಆದದ್ದನ್ನೆಲ್ಲ ಹೇಳಿದಳು.

“ಯಾರರೆ ನೋಡ್ಯಾರೇನು?” ಎಂದ ಪಂಢರಿ.

“ಇಲ್ಲ ಬಾಬಾ.”

“ನೋಡವ್ವ, ಲೈನಿನ ಮ್ಯಾಲ ನಮ್ಮ ಕೈಲೆ ಏನರೆ ತಪ್ಪಾತಂದ್ರ ಮೊದಲ ಸಬ್‌ಸ್ಟೇಷನ್‌ಗಿ ಫೋನ್ ಮಾಡ್ತೇವಿ. ಬೈಸ್ಕೋಳೋದು ಆಮ್ಯಾಲಿಂದು. ಯಾಕಂದ್ರ ಆ ಕಡಿ ಮತ್ತೊಬ್ಬಾವ ಕಂಬದ ಮ್ಯಾಲ ಇರ್ತಾನ.”

ಅವಳಿಗೆ ಮಾಣಿಕನ ಮುಖ ಕಣ್ಣಿಗೆ ಕಟ್ಟಿತು.

ತಸ್ಲೀಮ ಮಗುವಿನ ಒದೆತ ಎಣಿಸುತ್ತ ಕಾಯುತ್ತಿದ್ದಳು. ಮಹಾಮಾಯಾ ಬಂದವಳೇ ನೆಲದ ಮೇಲೆ ಕುಳಿತು ಎಲ್ಲ ಹೇಳಿದಳು, ಚಿತ್ರ ಬರೆಯಲು ಹೋಗಿದ್ದೆ ಎಂಬ ಒಂದನ್ನು ಬಿಟ್ಟು. ತಸ್ಲೀಮ ಅದನ್ನು ತಾನೇ ಊಹಿಸಿದಳು.

“ನಾ ಹೇಳಿದ್ದಕ್ಕ ಬಟ್ಟಿ ಎತ್ತಿದಿ.”

“ನೀವು ಸ್ವಿಚ್ ಬಂದ್ ಮಾಡಬ್ಯಾಡ ಅಂತ ಹೇಳಿದ್ದಿಲ್ಲರಿ ಆಪಾ. ಅದು ನಂದು. ನಾಳೆ ಮುಂಜಾನಿ ಹೋಗಿ ಹೇಳ್ತೇನಿ. ಆದ್ರ ನಿಮ್ಮ ಜಾಗಾ ತಗೊಂಡು ಹಿಂಗ ಮಾಡಿದ್ನಲ್ಲ...” ಅವಳು ಅಳತೊಡಗಿದಳು.

ತಸ್ಲೀಮ ಅವಳನ್ನು ಅಳಲು ಬಿಟ್ಟಳು. ಸಮಾಧಾನದ ಮಾತು ಹೇಳಲು ಹೋಗಲಿಲ್ಲ. ಆಮೇಲೆ ನೋಟ್‌ಬುಕ್ ಎಳೆದುಕೊಂಡು, “ಆ ಶೋಧಕ ಪೂರಾ ಸತ್ತದೇನು?” ಎಂದು ಕೇಳಿದಳು.

“ಇಲ್ಲ. ಬೆಳಕು ಬಿಟ್ರ ಅಂಕಿ ಇನ್ನಾ ಏರ್ತದ. ಆದ್ರ ಕತ್ತಲ್ಯಾಗೂ ಸುಮ್ಮ ಸುಮ್ಮನೆ ಒದರ್ಲತ್ತದ. ನಲವತ್ತು ಸಾವಿರ.”

“ಒದರ್ಲಿ. ನೀವು ಒಂದರದ್ದೇ ಮಾತು ನಂಬೋದಿಲ್ಲ ಹೌದಲ್ಲ? ಎರಡೂ ಒಂದೇ ಕ್ಷಣಕ್ಕ ಟಿಕ್ ಅಂದ್ರಷ್ಟೇ ಎಣಿಸ್ತೀರಿ. ಇದು ಸುಳ್ಳೇ ಒದರಿದಾಗ, ಬರೋಬ್ಬರಿ ಅದೇ ಕ್ಷಣಕ್ಕ ಆ ಕಡೀದೂ ಒದರಬೇಕಲ್ಲ? ಅದು ಎಷ್ಟ ಸಲ ಆದೀತು?”

ಮಹಾಮಾಯಾ ಕಣ್ಣೊರೆಸಿಕೊಂಡಳು. “ಆ ಕ್ಷಣ ಅಂದ್ರ ಸೆಕೆಂಡಿನ್ಯಾಗ ಹತ್ತು ಕೋಟಿಯೊಳಗ ಒಂದು ಪಾಲು ಅಂತ ಮೇಡಂ ಹೇಳ್ಯಾರ್ರಿ.”

“ಚಲೋ ಇರೋದು ಸೆಕೆಂಡಿಗಿ ಎಷ್ಟು ಎಣಿಸ್ತದ?”

“ಇಪ್ಪತ್ತು ಸಾವಿರ.”

ತಸ್ಲೀಮ ಗುಣಿಸಿದಳು. ಮತ್ತೊಮ್ಮೆ ಗುಣಿಸಿದಳು. “ಎಂಟು,” ಎಂದಳು. “ಸೆಕೆಂಡಿಗಿ ಎಂಟೇ ಎಂಟು ಸುಳ್ಳು ಜೋಡಿ. ಖರೇ ಜೋಡಿ ಎಷ್ಟು ಬರ್ತಾವ?”

“ಇನ್ನೂರರ ಮ್ಯಾಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಶೋಧಕ ಕೆಟ್ಟಿತ್ತು, ಪ್ರಯೋಗ ಕೆಟ್ಟಿರಲಿಲ್ಲ. ಆ ಸುಳ್ಳು ಜೋಡಿಗಳನ್ನೂ ಅಳೆದು ಕಳೆದುಬಿಟ್ಟರೆ ಉಳಿದದ್ದು ಶುದ್ಧ. ತಸ್ಲೀಮ ಎರಡು ಪುಟ ಬರೆದಳು. ಖಾಲಾ ಅಂದು ಇಟ್ಟ ತಟ್ಟೆಯನ್ನು ಮಹಾಮಾಯಾ ಖಾಲಿ ಮಾಡಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅವಳು ಕ್ರಿಸ್ಟಿನಾ ಮೇಡಂ ಮುಂದೆ ನಿಂತಳು. ಹೇಳಬೇಕಾದ್ದನ್ನು ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನಗ ಸಿಟ್ಟು ಬಂದಿಲ್ಲ ಅಂದ್ರ ಸುಳ್ಳಾಗ್ತದ,” ಎಂದರು. “ಭಾಳ ಬಂದದ. ನಿನ್ನೀನೇ ಯಾಕ ಹೇಳಲಿಲ್ಲ?”

“ಅಂಜಿದ್ದೆರಿ.”

“ಮೊದಲ ಮಾಣಿಕಗ ಹೇಳು. ಎಲ್ಲರ ಎದುರಿಗಿ.”

ಹತ್ತು ಗಂಟೆಗೆ ಎಲ್ಲರೂ ಕೂಡಿದಾಗ ಮಹಾಮಾಯಾ ಎದ್ದು ನಿಂತು, ತಪ್ಪು ತನ್ನದೆಂದೂ ಮಾಣಿಕಣ್ಣನದಲ್ಲವೆಂದೂ ಹೇಳಿ ಕೈಮುಗಿದಳು. ಮಾಣಿಕನೇ ಗಡಿಬಿಡಿಯಾಗಿ, “ಇರ್ಲಿ ಬಿಡ್ರಿ ಬಾಯಿ. ಖರೇ ಹೇಳಬೇಕಂದ್ರ ಆ ಸ್ಟೆಬಿಲೈಜರ್ ಭೀ ಹಳೀದೇ ಅದರಿ. ನನಗ ಭೀ ಅದರ ಮ್ಯಾಲೇ ಸಂಶೇ ಇತ್ತರಿ,” ಎಂದ. ಯಾರೋ ನಕ್ಕರು. ಅವಳಿಗೆ ಆ ನಗು ನೀರು ಕುಡಿದಷ್ಟು ಹಾಯೆನಿಸಿತು.

ಆಗ ಅವಳು ಆ ಎರಡು ಪುಟಗಳನ್ನು ಮೇಡಂ ಕೈಗೆ ಕೊಟ್ಟಳು. ಮೇಡಂ ಅದನ್ನು ನಿಂತೇ ಓದಿದರು, ಕುಳಿತು ಮತ್ತೊಮ್ಮೆ ಓದಿದರು.

“ನಾನೂ ಇದನ್ನೇ ಯೋಚನಿ ಮಾಡ್ಲತ್ತಿದ್ದೆ, ಇಷ್ಟು ಚೊಕ್ಕ ಹಾಕಿದ್ದಿಲ್ಲ. ಯಾರು ಬರದದ್ದು ಇದು?”

“ತಸ್ಲೀಮ ಅಂತ. ಇಲ್ಲಿ ನಾ ಕೂತ ಜಾಗಾ ಅವರದ್ದರಿ.”

ಉಳಿದ ದಿನಗಳಲ್ಲಿ ಅವರು ಹದಿನಾರು ಬಗೆಯಾಗಿ ಜೋಡಿಗಳನ್ನು ಎಣಿಸಿದರು. ಪ್ರತಿ ಸಲವೂ ಸುಳ್ಳು ಜೋಡಿಗಳನ್ನು ಬೇರೆ ಅಳೆದು ಕಳೆದರು. ಮಹಾಮಾಯಾ ತಿರುಪುಗಳ ಹತ್ತಿರ, ಮಾಣಿಕ ಸ್ಟೆಬಿಲೈಜರ್ ಹತ್ತಿರ. ದಿನದ ಅಂಕಿಗಳೆಲ್ಲ ಸಂಜೆ ತಸ್ಲೀಮಳ ಹಾಸಿಗೆಗೆ ಹೋಗಿ, ಬೆಳಿಗ್ಗೆ ಪಟ್ಟಿಯಾಗಿ ಹಿಂದಿರುಗುತ್ತಿದ್ದವು. ಕೊನೆಯ ದಿನದ ಹಿಂದಿನ ದಿನ ಮಧ್ಯಾಹ್ನ ಮೇಡಂ ಹಲಗೆಯ ಮೇಲೆ ಸಂಖ್ಯೆ ಬರೆದರು. ಎರಡು ದಶಾಂಶ ಎರಡು ಏಳು. ಎರಡನ್ನು ದಾಟಿತ್ತು. ಹನ್ನೆರಡು ಮಂದಿ ಚಪ್ಪಾಳೆ ತಟ್ಟಿದರು. ಮಾಣಿಕ, “ದಾಟಿದ್ರ ಚಲೋ ಏನ್ರಿ?” ಎಂದು ಕೇಳಿ, ಹೌದೆಂದ ಮೇಲೆ ತಾನೂ ತಟ್ಟಿದ.

ಸಂಜೆ ಮಹಾಮಾಯಾಳ ಜೊತೆ ಮೇಡಂ ಚೌಬಾರಾ ಹತ್ತಿರದ ಮನೆಗೆ ಬಂದರು. ತಸ್ಲೀಮ ಎದ್ದು ಕೂರಲು ಹೋದಳು. ಮೇಡಂ ಭುಜ ಹಿಡಿದು ಮಲಗಿಸಿದರು. ಕುಬರಾ ಖಾಲಾ ಚಹಾ ತಂದರು. ಖಾಲಾ ಮತ್ತು ಮೇಡಂ ಮಾತಾಡುತ್ತ, ಮೇಡಂ ಅವರ ತಾಯಿ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ತಸ್ಲೀಮ ಹುಟ್ಟಿದಾಗ ಖಾಲಾನ ಪಕ್ಕದಲ್ಲಿ ನಿಂತಿದ್ದವರು ಎಂದು ಗೊತ್ತಾಗಿ, ಖಾಲಾ ಮತ್ತೊಂದು ಸುತ್ತು ಚಹಾಕ್ಕೆ ಒಳಗೆ ಓಡಿದರು.

“ಶಿಬಿರಕ್ಕ ಬರದಾಕಿಗಿ ನಾ ಸರ್ಟಿಫಿಕೇಟ್ ಕೊಡಲಿಕ್ಕಾಗಂಗಿಲ್ಲ,” ಎಂದರು ಮೇಡಂ ತಸ್ಲೀಮಳಿಗೆ. “ಆದ್ರ ಈ ಕೆಲಸದ ಮ್ಯಾಲ ಒಂದು ವರದಿ ಬರೀತೇವಿ. ಅದರಾಗ ಲೆಕ್ಕದ ಭಾಗ ನಿಂದು, ಹೆಸರೂ ನಿಂದೇ ಇರ್ತದ. ಕೂಸು ಹುಟ್ಟಿ, ನೀ ಚೇತರಿಸಿಕೊಂಡ ಮ್ಯಾಲ ಪಿಎಚ್.ಡಿ.ಗಿ ಅರ್ಜಿ ಹಾಕು. ಇಲ್ಲೇ ಇದ್ದು ಲೆಕ್ಕ ಮಾಡಬಹುದು, ವರ್ಷಕ್ಕ ಎರಡು ಸಲ ಬಂದು ಹೋದ್ರ ಸಾಕು. ನಾ ಮಾರ್ಗದರ್ಶನ ಮಾಡ್ತೇನಿ.” ಆಮೇಲೆ ಮಹಾಮಾಯಾಳ ಕಡೆ ತಿರುಗಿದರು. “ನಮ್ಮ ಲ್ಯಾಬಿನ್ಯಾಗ ಎರಡು ವರ್ಷದ ತರಬೇತಿ ಹುದ್ದೆ ಬರ್ತಾವ. ನೀನೂ ಎಲ್ಲರಂಗ ಪರೀಕ್ಷಾ ಕೊಡಬೇಕು. ನಾ ಶಿಫಾರಸು ಪತ್ರದಾಗ ಕೆಟ್ಟ ಶೋಧಕದ ಸಂಗತೀನೂ ಬರೀತೇನಿ.”

“ಬರೀರಿ ಮೇಡಂ,” ಎಂದಳು ಮಹಾಮಾಯಾ.

ಮೇಡಂ ಬರೆದರು. ಏನು ಬರೆದರೆಂದು ಅವಳಿಗೆ ತಿಳಿದದ್ದು ಆಗಸ್ಟಿನ ಸಂದರ್ಶನದಲ್ಲಿ. ಮೊದಲ ಪ್ರಶ್ನೆಯೇ ಕೆಟ್ಟ ಶೋಧಕದ್ದು. ಈ ಸಲ ನಾಲಿಗೆ ಒಣಗಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು. ಹದಿನೈದು ದಿನಕ್ಕೆ ಆಯ್ಕೆಯ ಪತ್ರ ಬಂತು. ಔರಾದಿನ ಬುದ್ಧವಿಹಾರದಲ್ಲಿ ತಾಯಿ ಕಾಂತಾಬಾಯಿ ದೀಪ ಹಚ್ಚಿ, ಗಲ್ಲಿಯವರಿಗೆಲ್ಲ ಪೇಢಾ ಹಂಚಿದಳು. ಪಂಢರಿ ಪತ್ರವನ್ನು ನಾಲ್ಕು ಸಲ ಓದಿಸಿಕೊಂಡ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಮಹಾಮಾಯಾ ಬೀದರಿಗೆ ಬಂದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಜುಲೈಯಲ್ಲಿ ಹುಟ್ಟಿದ ತಸ್ಲೀಮಳ ಮಗಳಿಗೆ ಆಗ ಎರಡು ತಿಂಗಳು. ಬಾಗಿಲು ತೆರೆದಾಗ ತಸ್ಲೀಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕಾಲಿನಿಂದ ತೂಗುತ್ತ, ಬಲಗೈಯಲ್ಲಿ ಪೆನ್ನು ಹಿಡಿದಿದ್ದಳು. ವರದಿಯ ಲೆಕ್ಕದ ಭಾಗ ಸಂಜೆಯೊಳಗೆ ಕಳಿಸಬೇಕಾಗಿತ್ತು.

“ಆಪಾ, ನಿಮ್ಮಿಂದಲೇ ನಾ...” ಎಂದು ಮಹಾಮಾಯಾ ಶುರು ಮಾಡಿದಳು.

“ಆಮ್ಯಾಲ ಹೇಳು ಮಾಯಾ, ಒಂದು ಪೇಜು ಉಳದದ. ಇಕೀನ ಜರಾ ಹಿಡಕೋ.”

ಮಹಾಮಾಯಾ ಗೋಡೆಗೆ ಬೆನ್ನು ಆನಿಸಿ ಕುಳಿತು ಕೂಸನ್ನು ಎದೆಗೆ ಒರಗಿಸಿಕೊಂಡಳು. ಅದು ಎರಡು ಸಲ ಮಿಸುಕಿ, ಅವಳ ದುಪಟ್ಟಾದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋಯಿತು. ತಸ್ಲೀಮ ಬರೆಯುತ್ತಿದ್ದಳು, ಹೊಡೆದು ಹಾಕುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಮಹಾಮಾಯಾಳ ತೋಳು ಜೋಮು ಹಿಡಿಯಿತು. ಕೂಸು ಎಚ್ಚರಾದೀತೆಂದು ಅವಳು ಕೈ ಬದಲಿಸಲಿಲ್ಲ. ಪುಟ ಮುಗಿಯಲು ಒಂದು ತಾಸು ಹಿಡಿಯಿತು.